ಒಂದು ಬೇಸಿಗೆಯನ್ನು ಹುಬ್ಬಳ್ಳಿಗೆ ಕಳುಹಿಸಿದ್ದು

2024ರ ಬೇಸಿಗೆಯಲ್ಲಿ, ಮಾರ್ಚ್ ತಿಂಗಳ ಕೊನೆಯಿಂದ ಮುಂಗಾರು ಹಿಡಿಯುವವರೆಗೆ, ನಾವು ಐವರು ಗೆಳತಿಯರು ಸೇರಿ ಮಾಡಬೇಕೆಂದುಕೊಂಡಿದ್ದ ತಿರುಗಾಟ, ಕಛೇರಿ, ಮದುವೆ, ಹಳೆಯ ಸಹಪಾಠಿಗಳ ಕೂಟ ಎಲ್ಲವೂ ನಡೆದವು. ಆದರೆ ಅವು ನಡೆದದ್ದು ನಾನು, ಕುಶಾಲನಗರದವಳು, ಶನಿವಾರಸಂತೆಯವಳು, ವಿರಾಜಪೇಟೆಯವಳು ಈ ನಾಲ್ವರ ಪಾಲಿಗೆ ಮಾತ್ರ. ಐದನೆಯವಳು ಹುಬ್ಬಳ್ಳಿಯಲ್ಲಿದ್ದಾಳೆ. ಆ ವರ್ಷದ ಫೆಬ್ರುವರಿಯಲ್ಲಿ ಅವಳ ಯಜಮಾನರಿಗೆ ಡಯಾಲಿಸಿಸ್ ಆರಂಭವಾಯಿತು. ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೆ ಸುಮಾರು 4 ಗಂಟೆ ಅವರು ಯಂತ್ರದ ಪಕ್ಕದಲ್ಲಿ ಮಲಗಿರಬೇಕು, ಇವಳು ಅವರ ಪಕ್ಕದಲ್ಲಿ ಕೂತಿರಬೇಕು. ನಮ್ಮ ಮೊದಲ ಭೇಟಿಯ ಚಿತ್ರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದಾಗ ಅವಳು ಫೋನ್ ಮಾಡಿ, “ಫೋಟೊ ಸಾಕು ಮಾರಾಯ್ತಿ, ಅದರಲ್ಲಿ ನೀವೆಲ್ಲ ನಗುತ್ತಾ ನಿಂತಿರ್ತೀರಿ, ಅಷ್ಟೇ ಕಾಣ್ತದೆ. ಬೆಳಿಗ್ಗೆ ಮನೆ ಬಿಟ್ಟಲ್ಲಿಂದ ರಾತ್ರಿ ಮನೆ ಸೇರುವವರೆಗೆ ಏನೇನಾಯ್ತು ಅಂತ ಒಂದೂ ಬಿಡದೆ ಹೇಳು. ನನಗಲ್ಲಿ ನಾಲ್ಕು ಗಂಟೆ ಕೂತಿರಬೇಕು” ಎಂದಳು.

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಆದರೆ ಒಂದರ ಹಿಂದೆ ಒಂದು ಪ್ರಯಾಣ ಬಂದುದರಿಂದ ಹೇಳುವುದು ಹಾಗೆಯೇ ಉಳಿಯಿತು. ಡಯಾಲಿಸಿಸ್ ಕೋಣೆಯಲ್ಲಿ ಅಕ್ಕಪಕ್ಕದ ರೋಗಿಗಳು ಮಲಗಿರುವುದರಿಂದ ಅವಳು ಅಲ್ಲಿ ಫೋನಿನಲ್ಲಿ ಮಾತಾಡುವಂತಿರಲಿಲ್ಲ, ರಾತ್ರಿಯ ಹೊತ್ತಿಗೆ ಅವಳಿಗೆ ದಣಿವಾಗಿರುತ್ತಿತ್ತು. ಮೇ 30ರಂದು ಮುಂಗಾರು ಕೇರಳಕ್ಕೆ ಬಂದು, ನಮ್ಮಲ್ಲೂ ಆಕಾಶ ಮುಚ್ಚಿಕೊಂಡು, ತಿರುಗಾಟವೆಲ್ಲ ನಿಂತ ಮೇಲೆ ನೋಡಿದರೆ ನಾನು ಅವಳಿಗೆ ಹತ್ತು ವಾರಗಳ ಬಾಕಿ ಇಟ್ಟುಕೊಂಡಿದ್ದೆ. ಜೂನ್ ತಿಂಗಳಲ್ಲಿ ಎಂಟು ಪತ್ರಗಳನ್ನು ಬರೆದು ಆ ಬಾಕಿಯನ್ನು ತೀರಿಸಿದೆ. ಕಳೆದುಹೋದ ಒಂದು ಬೇಸಿಗೆಯನ್ನು, ಬರಲಾಗದೆ ಉಳಿದವರೊಬ್ಬರಿಗಾಗಿ ಮರಳಿ ಕಟ್ಟುವುದಕ್ಕೆ ನಾನು ಏನೇನು ಮಾಡಿದೆ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ನಾನು ದಿನಚರಿ ಬರೆಯುವವಳಲ್ಲ. ಆದರೆ ಸೋಮವಾರಪೇಟೆಯ ಸಮೀಪವಿರುವ ನಮ್ಮ ಕಾಫಿ ತೋಟದಲ್ಲಿ ಮಾವನವರ ಕಾಲದಿಂದಲೂ ಮಳೆಯ ಲೆಕ್ಕದ ಪುಸ್ತಕವೊಂದಿದೆ. ಪ್ರತಿದಿನ ಬೆಳಿಗ್ಗೆ 7 ಗಂಟೆಗೆ ಅಂಗಳದ ಮಳೆಮಾಪಕವನ್ನು ನೋಡಿ, ಹಿಂದಿನ 24 ಗಂಟೆಗಳಲ್ಲಿ ಬಿದ್ದ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಬರೆಯುವುದು ಕೊಡಗಿನ ಬೆಳೆಗಾರರ ಮನೆಗಳಲ್ಲಿ ಇಂದಿಗೂ ಉಳಿದಿರುವ ರೂಢಿ. ನೂರು ಸೆಂಟಿಗೆ ಒಂದು ಇಂಚು. ಮಿಲಿಮೀಟರಿನ ಲೆಕ್ಕ ಬಂದು ಎಷ್ಟೋ ವರ್ಷಗಳಾದರೂ ನಮ್ಮ ಬಾಯಲ್ಲಿ ಮಳೆ ಸೆಂಟಿನಲ್ಲಿಯೇ ಬೀಳುತ್ತದೆ. ನಾನು ಊರಿನಲ್ಲಿಲ್ಲದ ದಿನಗಳಲ್ಲಿ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಅದನ್ನು ಬರೆದಿಡುತ್ತಾರೆ. ಅವರ ಅಕ್ಷರ ಬೇರೆಯಾದ್ದರಿಂದ ನಾನು ಯಾವ ದಿನ ಮನೆಯಲ್ಲಿದ್ದೆ, ಯಾವ ದಿನ ಇರಲಿಲ್ಲ ಎಂಬುದು ಪುಸ್ತಕ ತೆರೆದೊಡನೆ ಕಣ್ಣಿಗೆ ಬಿತ್ತು. ಮೊದಲು ಒಂದು ದೊಡ್ಡ ಹಾಳೆಯಲ್ಲಿ ಮಾರ್ಚ್ 24ರಿಂದ ಜೂನ್ 2ರವರೆಗಿನ 71 ದಿನಗಳನ್ನು ಸಾಲಾಗಿ ಬರೆದು, ಪ್ರತಿಯೊಂದರ ಎದುರಿಗೆ ಮಳೆಯನ್ನೂ, ಅಕ್ಷರ ಯಾರದೆಂಬುದನ್ನೂ ಗುರುತಿಸಿದೆ. ರೈಟರ್ ಅಕ್ಷರವಿದ್ದ ದಿನಗಳೇ ನಮ್ಮ ಬೇಸಿಗೆ.

ಆ ಹಾಳೆಯ ಮೇಲ್ಭಾಗದಲ್ಲಿ “ಇಲ್ಲ, ಇಲ್ಲ, ಇಲ್ಲ” ಎಂಬುದೇ ಉದ್ದಕ್ಕೂ ಇಳಿದಿತ್ತು. ಹಿಂದಿನ ವರ್ಷದ ಮುಂಗಾರು ಕೈಕೊಟ್ಟು ರಾಜ್ಯವೇ ಬರದಲ್ಲಿದ್ದ ಬೇಸಿಗೆ ಅದು, ನಮ್ಮಲ್ಲಿ ಕಾಫಿ ಮೊಗ್ಗನ್ನು ಅರಳಿಸುವ ಹೂಮಳೆ ಬಂದಿರಲಿಲ್ಲ. ಮಾರ್ಚ್ 31ರ ಭಾನುವಾರ ಗೆಳತಿಯರು ಬಂದದ್ದು ಕಾಫಿ ಹೂ ನೋಡಲಿಕ್ಕೆ. ಅರೇಬಿಕಾ ಗಿಡಗಳಲ್ಲಿ ಮೊಗ್ಗುಗಳು ಮುಳ್ಳಿನಂತೆ ಬಿಗಿದುಕೊಂಡು ನೀರಿಗೆ ಕಾಯುತ್ತಿದ್ದವು. ಕೆರೆಯಲ್ಲಿ ಉಳಿದಿದ್ದ ನೀರಿನಿಂದ ಹತ್ತು ದಿನಗಳ ಹಿಂದೆ ಸ್ಪ್ರಿಂಕ್ಲರ್ ಹಾಕಿದ್ದ ಎರಡು ಎಕರೆ ರೊಬಸ್ಟಾ ಮಾತ್ರ ಬೆಳ್ಳಗೆ ಅರಳಿ, ಮಲ್ಲಿಗೆಯಂತೆ ಪರಿಮಳ ಬೀರುತ್ತಾ, ಜೇನುನೊಣಗಳಿಂದ ಝೇಂಕರಿಸುತ್ತಿತ್ತು. ನೀರು ಬಿದ್ದು ಎಂಟು ಹತ್ತು ದಿನಕ್ಕೆ ಅರಳುವ ಈ ಹೂ ಎರಡು ಮೂರು ದಿನಗಳಲ್ಲಿ ಕಂದಿಹೋಗುತ್ತದೆ. ನಮ್ಮ ಚಿತ್ರಗಳೆಲ್ಲವೂ ಆ ಎರಡು ಎಕರೆಯ ಒಳಗೆ ತೆಗೆದವು. ಅವುಗಳನ್ನು ನೋಡಿದವರಿಗೆ ಇಡೀ ತೋಟವೇ ಹೂ ಬಿಟ್ಟಂತೆ ತೋರುತ್ತದೆ. ಬೇಲಿಯಾಚೆಗೆ ಒಣಗಿ ನಿಂತಿದ್ದ ಹದಿನಾಲ್ಕು ಎಕರೆಯನ್ನು, ಅದರ ಎದುರಿಗೆ ನಿಂತು ಊಟದ ಹೊತ್ತಿನವರೆಗೂ ನಮ್ಮವರು ಮಾತಿಲ್ಲದೆ ಇದ್ದುದನ್ನು ಯಾರೂ ತೆಗೆದಿರಲಿಲ್ಲ. ಚಿತ್ರ ಸಾಕು ಎಂದು ಹುಬ್ಬಳ್ಳಿಯವಳು ಹೇಳಿದ್ದರ ಅರ್ಥ ನನಗೆ ಆ ಹಾಳೆಯ ಮುಂದೆ ಕೂತಾಗ ಹೊಳೆಯಿತು. ಆದ್ದರಿಂದ ಪ್ರತಿಯೊಂದು ದಿನಕ್ಕೂ ಎರಡು ಕಲಮುಗಳನ್ನು ಮಾಡಿಕೊಂಡು, ಒಂದರಲ್ಲಿ ಚಿತ್ರದಲ್ಲಿರುವುದನ್ನೂ, ಇನ್ನೊಂದರಲ್ಲಿ ಚಿತ್ರದಲ್ಲಿಲ್ಲದ್ದನ್ನೂ ಬರೆಯುತ್ತಾ ಹೋದೆ. ಪತ್ರಗಳು ಬಹುಮಟ್ಟಿಗೆ ಎರಡನೆಯ ಕಲಮಿನಿಂದಲೇ ಹುಟ್ಟಿದವು.

ದಿನಾಂಕಗಳನ್ನು ಖಚಿತಪಡಿಸಿಕೊಳ್ಳಲು ನನಗೆ ನೆರವಾದ ಇನ್ನೊಂದು ವಸ್ತು ಬಸ್ ಟಿಕೆಟ್. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣಿಸುವ ಮಹಿಳೆಯರಿಗೆ ಹಣ ಪಡೆಯದಿದ್ದರೂ ಶೂನ್ಯ ಮೊತ್ತದ ಟಿಕೆಟ್ ಕೊಡುತ್ತಾರೆ. ಅದರಲ್ಲಿ ಎಲ್ಲಿಂದ ಎಲ್ಲಿಗೆ, ಯಾವ ದಿನ, ಎಷ್ಟು ಗಂಟೆಗೆ ಎಂಬುದೆಲ್ಲ ಇರುತ್ತದೆ. ನಾವು ಹೆಚ್ಚಿನ ಪ್ರಯಾಣಗಳನ್ನು ಬಸ್ಸಿನಲ್ಲಿಯೇ ಮಾಡಿದ್ದರಿಂದ ನನ್ನ ಕೈಚೀಲದ ಒಳಜೇಬಿನಲ್ಲಿ ಹದಿನೇಳು ಟಿಕೆಟ್‌ಗಳಿದ್ದವು. ಆದರೆ ಅವು ಶಾಖಕ್ಕೆ ಕಪ್ಪಾಗುವ ಕಾಗದದ ಮೇಲೆ ಮುದ್ರಿತವಾದವು, ಬೇಸಿಗೆಯ ಬಿಸಿಗೂ ಕೈಬೆವರಿಗೂ ಅಕ್ಷರಗಳು ಮಾಸಿ ಆರು ಟಿಕೆಟ್‌ಗಳು ಪೂರ್ತಿ ಬಿಳಿಯಾಗಿದ್ದವು. ಇಂಥ ಚೀಟಿಗಳನ್ನು ಉಳಿಸಿಕೊಳ್ಳಬೇಕೆಂದಿರುವವರು ಅದೇ ದಿನ ಅದರ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಲ್ಯಾಮಿನೇಷನ್ ಮಾಡಿಸಿದರಂತೂ ಬಿಸಿಗೆ ಇಡೀ ಚೀಟಿ ಕಪ್ಪಾಗಿಬಿಡುತ್ತದೆ. ಉಳಿದ ಹನ್ನೊಂದು ಟಿಕೆಟ್‌ಗಳು, ಫೋನ್‌ನಲ್ಲಿ ಹಣ ಕೊಟ್ಟ ಲೆಕ್ಕ, ಮದುವೆಯ ಕರೆಯೋಲೆ ಇವಿಷ್ಟರಿಂದ ಒಂದು ದಿನವನ್ನು ಬಿಟ್ಟು ಉಳಿದೆಲ್ಲವೂ ಸ್ಥಳ ಹಿಡಿದು ಕೂತವು.

ಆ ಒಂದು ದಿನ ಭಾಗಮಂಡಲಕ್ಕೂ ತಲಕಾವೇರಿಗೂ ಹೋದದ್ದು. ಅದು ಚುನಾವಣೆಗೆ ಮೊದಲೇ ಎಂದು ಕುಶಾಲನಗರದವಳು ಹೇಳಿದಳು, ನಂತರವೆಂದು ನನ್ನ ನೆನಪು. ಟಿಕೆಟ್ ಬಿಳಿಯಾಗಿತ್ತು. ಚಿತ್ರಗಳನ್ನು ತೆಗೆದವಳು ಶನಿವಾರಸಂತೆಯವಳು, ಅವಳ ಹಳೆಯ ಫೋನ್ ಅಷ್ಟರಲ್ಲಿ ಕೆಟ್ಟುಹೋಗಿತ್ತು. ಗುಂಪಿಗೆ ಹಾಕಿದ್ದ ಪ್ರತಿಗಳಲ್ಲಿ ತೆಗೆದ ದಿನವಾಗಲಿ ಸ್ಥಳವಾಗಲಿ ಉಳಿದಿರಲಿಲ್ಲ, ಏಕೆಂದರೆ ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದಾಗ ಆ ವಿವರಗಳು ಕಳಚಿಹೋಗುತ್ತವೆ. ಅದೇ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಅವು ಉಳಿಯುತ್ತವೆ ಎಂಬುದನ್ನು ನಾನು ತಿಳಿದದ್ದು ಈ ತೊಡಕಿನಿಂದ. ಕೊನೆಗೆ ಆ ಚಿತ್ರಗಳಲ್ಲೊಂದನ್ನು ದೊಡ್ಡದು ಮಾಡಿ ನೋಡಿದೆ. ಕಾವೇರಿ, ಕನ್ನಿಕೆ, ಸುಜ್ಯೋತಿಗಳು ಕೂಡುವ ಸಂಗಮದ ಸ್ವಲ್ಪವೇ ನೀರಿನಲ್ಲಿ ನಿಂತು ಕುಶಾಲನಗರದವಳು ಬೊಗಸೆ ಎತ್ತಿದ್ದಾಳೆ, ಎಡಗೈ ತೋರುಬೆರಳಿನ ಉಗುರಿನಿಂದ ಕೆಳಗೆ ಚರ್ಮದ ಮೇಲೂ ಕಪ್ಪು ಗೆರೆ ದಟ್ಟವಾಗಿ ಕಾಣುತ್ತಿದೆ. ಮೈಸೂರಿನಲ್ಲಿ ತಯಾರಾಗುವ ಆ ಶಾಯಿಯ ಗುರುತು ಉಗುರಿನಲ್ಲಿ ವಾರಗಟ್ಟಲೆ ಉಳಿದರೂ ಚರ್ಮದ ಮೇಲಿಂದ ಬೇಗ ಮಾಸುತ್ತದೆ. ನಮ್ಮ ಕ್ಷೇತ್ರದಲ್ಲಿ ಮತದಾನ ನಡೆದದ್ದು ಏಪ್ರಿಲ್ 26ರಂದು. ಅದಾದ ಮೇಲಿನ ರಜೆಯ ದಿನ ಮೇ 1, ಮತ್ತು ನನ್ನ ಪುಸ್ತಕದಲ್ಲಿ ಆ ದಿನದ ಅಕ್ಷರ ರೈಟರ್‌ದು. ಕುಶಾಲನಗರದವಳು ಆ ಚಿತ್ರ ನೋಡಿ ಒಪ್ಪಿಕೊಂಡದ್ದಲ್ಲದೆ, ಅಂದು ತಲಕಾವೇರಿಯ ಮೆಟ್ಟಿಲಿನಲ್ಲಿ ನಾವು ಮಾತಾಡಿದ್ದು ಯಾರಿಗೆ ಮತ ಹಾಕಿದೆವು ಎಂಬುದನ್ನಲ್ಲ, ಮತಗಟ್ಟೆಯಲ್ಲಿ ಅವಳಿಗೆ ಎದುರಾದ ನಮ್ಮ ಕಾಲೇಜಿನ ಮೇಷ್ಟರ ವಿಷಯವನ್ನು ಎಂಬುದನ್ನೂ ನೆನಪಿಸಿದಳು. ಆ ಮೇಷ್ಟರು ಹುಬ್ಬಳ್ಳಿಯವಳನ್ನು ವಿಚಾರಿಸಿದ್ದರಂತೆ. ಒಂದು ದಿನಾಂಕದ ಬೆನ್ನು ಹತ್ತದೆ ಹೋಗಿದ್ದರೆ ಈ ಮಾತು ಪತ್ರದಲ್ಲಿ ಸೇರುತ್ತಿರಲಿಲ್ಲ, ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು ಇದೇ.

ಉಳಿದ ಮೂವರಿಗೂ ನಾನು ಫೋನ್ ಮಾಡಿ ಅವರವರ ನೆನಪನ್ನು ಕೇಳಿ ಬರೆದುಕೊಂಡೆ. “ಅವತ್ತು ಏನಾಯ್ತು?” ಎಂದು ಕೇಳಿದರೆ “ಚೆನ್ನಾಗಿತ್ತು” ಎಂಬ ಒಂದೇ ಉತ್ತರ ಬರುತ್ತಿತ್ತು. “ಅವತ್ತು ಏನು ತಿಂದೆ, ಯಾರ ಪಕ್ಕ ಕೂತೆ?” ಎಂದು ಕೇಳತೊಡಗಿದ ಮೇಲೆ ಮಾತು ಹರಿಯಿತು. ವಿರಾಜಪೇಟೆಯವಳ ಮಗನ ಮದುವೆಯ ಮನೆಯಲ್ಲಿ ಅಕ್ಕಿತರಿಯ ಉಂಡೆಯಾದ ಕಡಂಬುಟ್ಟಿನ ಜೊತೆ ಬಡಿಸಿದ ಕಾಡುಮಾವಿನ ಸಾರಿನಿಂದ ಶುರುವಾದ ಮಾತು, ನಮ್ಮಲ್ಲೊಬ್ಬಳು ಆ ರಾತ್ರಿ ತನ್ನ ತಾಯಿಯ ಕೈಯಡುಗೆಯನ್ನು ನೆನೆದು ಅತ್ತುದರವರೆಗೆ ಹೋಯಿತು. ನಾನಾಗ ಅಲ್ಲೇ ಎರಡು ಕುರ್ಚಿಯಾಚೆ ಕೂತಿದ್ದೆ, ನನಗೆ ತಿಳಿದಿರಲಿಲ್ಲ. ಅವಳ ಒಪ್ಪಿಗೆ ಕೇಳಿಯೇ ಅದನ್ನು ಪತ್ರದಲ್ಲಿ ಬರೆದೆ. ಹೀಗೆ ಒಬ್ಬರ ಕಣ್ಣಿಗೆ ಬಿದ್ದುದು ಇನ್ನೊಬ್ಬರಿಗೆ ಬಿದ್ದಿರಲಿಲ್ಲವಾದ್ದರಿಂದ, ನನ್ನ ಬೇಸಿಗೆಯೂ ನಾಲ್ಕು ಪಾಲಿನಲ್ಲಿ ಒಂದು ಪಾಲು ಮಾತ್ರ ಎಂಬುದು ನನಗೆ ಬರೆಯುತ್ತಾ ಬರೆಯುತ್ತಾ ಗೊತ್ತಾಯಿತು.

ಪತ್ರ ಎಷ್ಟು ಉದ್ದವಿರಬೇಕೆಂಬುದನ್ನು ಅಂಚೆಯ ತೂಕವೇ ತೀರ್ಮಾನಿಸಿತು. ಸ್ಪೀಡ್ ಪೋಸ್ಟ್‌ನ ಮೊದಲ ದರ 50 ಗ್ರಾಂವರೆಗೆ. ಸಾಮಾನ್ಯವಾದ 80 ಜಿಎಸ್‌ಎಂ ಎ4 ಹಾಳೆಯೊಂದು ಸುಮಾರು 5 ಗ್ರಾಂ ತೂಗುತ್ತದೆ, ಆದ್ದರಿಂದ ಲಕೋಟೆಯೂ ಸೇರಿ ಎಂಟು ಹಾಳೆಗಳು ಆ ಮಿತಿಯೊಳಗೆ ಬರುತ್ತವೆ. ನಾನು ಏಳು ಹಾಳೆಗಳಿಗೆ ನಿಲ್ಲಿಸಿ, ಎರಡೂ ಬದಿಯಲ್ಲಿ ಬರೆದೆ. ನಿಧಾನವಾಗಿ ಓದಿ, ಮತ್ತೆ ಯಜಮಾನರಿಗೆ ಮೆಲ್ಲಗೆ ಓದಿ ಹೇಳಿದರೆ ಒಂದು ಸಲದ ಡಯಾಲಿಸಿಸ್‌ನ ಅರ್ಧ ಹೊತ್ತಿಗೆ ಅದು ಸಾಕಾಗುತ್ತಿತ್ತೆಂದು ಅವಳು ಆಮೇಲೆ ತಿಳಿಸಿದಳು. ಟೈಪ್ ಮಾಡಿ ಕಳುಹಿಸಬಹುದಿತ್ತು. ಆದರೆ ಆ ಕೋಣೆಯಲ್ಲಿ ಅವಳು ಫೋನನ್ನು ನೋಡುತ್ತಾ ಕೂತರೆ ನಡುನಡುವೆ ಬ್ಯಾಂಕಿನ, ವಿಮೆಯ ಸಂದೇಶಗಳು ಬರುತ್ತವೆ. ಕಾಗದದ ಮೇಲೆ ಅವು ಬರುವುದಿಲ್ಲ.

ಬರೆಯುವ ಕ್ರಮದ ಬಗ್ಗೆ ನಾನು ಮಾಡಿದ ಒಂದು ನಿರ್ಧಾರ ಸರಿಯಾಗಿತ್ತೆಂದು ಈಗಲೂ ನಂಬಿದ್ದೇನೆ. ದಿನಾಂಕದ ಕ್ರಮದಲ್ಲಿ ಬರೆಯಲು ಕೂತಿದ್ದರೆ ಮಾರ್ಚ್ ತಿಂಗಳ ಹೂವಿನಿಂದ ಆರಂಭಿಸಬೇಕಿತ್ತು. ಆದರೆ ಹೂವಿಗೆ ಚಿತ್ರಗಳಿದ್ದವು, ಪುಸ್ತಕವಿತ್ತು, ಅದು ಎಲ್ಲಿಗೂ ಓಡಿಹೋಗುತ್ತಿರಲಿಲ್ಲ. ಯಾವ ದಿನಕ್ಕೆ ಚಿತ್ರವಾಗಲಿ ಚೀಟಿಯಾಗಲಿ ಇಲ್ಲವೋ, ಯಾವುದು ನಮ್ಮ ತಲೆಯಲ್ಲಿ ಮಾತ್ರ ಉಳಿದಿದೆಯೋ ಅದನ್ನು ಮೊದಲು ಬರೆದೆ, ಕಳುಹಿಸುವಾಗ ಮಾತ್ರ ದಿನಾಂಕದ ಕ್ರಮಕ್ಕೆ ಜೋಡಿಸಿದೆ.

ಅಂಥ ದಿನ ರುದ್ರಪಟ್ಟಣದ್ದು. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕೊಡಗಿನಿಂದ ಹರಿದು ಬಂದ ಕಾವೇರಿಯ ದಂಡೆಯ ಮೇಲಿರುವ ಆ ಪುಟ್ಟ ಊರು ಕರ್ನಾಟಕ ಸಂಗೀತಕ್ಕೆ ಕೊಟ್ಟಿರುವ ವಿದ್ವಾಂಸರನ್ನು ಎಣಿಸುವುದು ಸುಲಭವಲ್ಲ. ಆರ್.ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ್ದು ಅಲ್ಲಿಯೇ, ರುದ್ರಪಟ್ಟಣಂ ಸಹೋದರರ ಹೆಸರಿನಲ್ಲಿಯೇ ಆ ಊರಿದೆ. ತಂಬೂರಿಯ ಆಕಾರದಲ್ಲಿ ಕಟ್ಟಿರುವ ಸಪ್ತಸ್ವರ ದೇವತಾ ಧ್ಯಾನ ಮಂದಿರವನ್ನು ನೋಡಬೇಕೆಂದು ನಾವು ಮೇ ಮೊದಲ ಭಾನುವಾರ ಹೋದೆವು. ಶನಿವಾರಸಂತೆಯವಳು ಕಾಲೇಜಿನ ದಿನಗಳಲ್ಲಿ ಹಾಡುತ್ತಿದ್ದಳು, ಮದುವೆಯಾದ ಮೇಲೆ ಬಿಟ್ಟಿದ್ದಳು. ಅಂದು ಮಂದಿರದ ನೆಲದ ಮೇಲೆ ಕೂತವಳು ಯಾರೂ ಕೇಳದೆಯೇ, ಮೈಕಿಲ್ಲದೆ, ಶ್ರುತಿಪೆಟ್ಟಿಗೆಯಿಲ್ಲದೆ ಹಾಡಲು ಆರಂಭಿಸಿದಳು. ಕೇಳುಗರು ನಾವು ಮೂವರು, ಒಬ್ಬ ಹಿರಿಯರು, ಕೈಯಲ್ಲಿ ಕ್ರಿಕೆಟ್ ಬ್ಯಾಟ್ ಹಿಡಿದಿದ್ದ ಇಬ್ಬರು ಹುಡುಗರು. ಮೊದಲ ಐದು ನಿಮಿಷ ಅವಳ ಧ್ವನಿ ಎತ್ತರದ ಷಡ್ಜವನ್ನು ಮುಟ್ಟಲಾರದೆ ಒಡೆಯುತ್ತಿತ್ತು. ಹಿರಿಯರು ತೊಡೆಯ ಮೇಲೆ ತಾಳ ಹಾಕುತ್ತಾ, ಅವಳು ತಡವರಿಸಿದಲ್ಲೆಲ್ಲ ತಾಳವನ್ನು ಮಾತ್ರ ಬಿಡದೆ ಹಿಡಿದುಕೊಂಡಿದ್ದರು. ಎರಡನೆಯ ಹಾಡಿನ ಹೊತ್ತಿಗೆ ಧ್ವನಿ ಬಿಚ್ಚಿತು. ರೆಕಾರ್ಡ್ ಮಾಡಬಾರದು, ಚಿತ್ರ ತೆಗೆಯಬಾರದು ಎಂದು ಅವಳು ಕೈಸನ್ನೆ ಮಾಡಿದ್ದರಿಂದ ಯಾರ ಫೋನ್‌ನಲ್ಲಿಯೂ ಅದಿಲ್ಲ. ಹೊರಗೆ ಬಂದಾಗ ಹೊಳೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚಾಗಿತ್ತು, ಬಂಡೆಯ ಮೇಲೆ ಕೂತು ಅವಳು ತುಂಬ ಹೊತ್ತು ಮಾತಾಡಲಿಲ್ಲ. ಇದಿಷ್ಟನ್ನೂ ನಾನು ಜೂನ್ 9ರ ರಾತ್ರಿ, ಕರೆಂಟ್ ಹೋಗಿದ್ದಾಗ ಮೇಣದ ಬತ್ತಿಯ ಬೆಳಕಿನಲ್ಲಿ ಒಂದೇ ಬೈಠಕ್ಕಿನಲ್ಲಿ ಬರೆದೆ. ಬೇರೆ ಎಲ್ಲ ಪತ್ರಗಳನ್ನೂ ತಿದ್ದಿ ಎರಡನೆಯ ಸಲ ಬರೆದಿದ್ದೇನೆ, ಇದನ್ನು ತಿದ್ದಲಿಲ್ಲ.

ಬೆಂಗಳೂರಿನ ಕಛೇರಿಯನ್ನು ಬರೆಯುವುದು ಇದಕ್ಕಿಂತ ಕಷ್ಟವಾಯಿತು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯವರು ರಾಮನವಮಿಯ ನಿಮಿತ್ತ ನಡೆಸುವ ಸಂಗೀತೋತ್ಸವ 1939ರಿಂದ ನಡೆದುಬಂದಿದೆ. ಅಲ್ಲಿಗೆ ಹೋಗಬೇಕೆಂಬುದು ನಮ್ಮ ಕಾಲೇಜು ದಿನಗಳ ಆಸೆ. ಏಪ್ರಿಲ್ 20ರ ಶನಿವಾರ ಬೆಳಿಗ್ಗೆ ಕುಶಾಲನಗರದಿಂದ ಬಸ್ ಹತ್ತಿ, ಸಂಜೆಯ ಕಛೇರಿಗೆ ಪೆಂಡಾಲಿನಲ್ಲಿ ಕೂತೆವು. ಹುಬ್ಬಳ್ಳಿಯವಳಿಗೆ ರಾಗಗಳ ಪರಿಚಯವಿಲ್ಲ, ನನಗೂ ಹೆಚ್ಚಿಲ್ಲ. “ಅದ್ಭುತವಾಗಿ ಹಾಡಿದರು” ಎಂದು ಬರೆದರೆ ಅವಳಿಗೆ ಏನೂ ಕೇಳಿಸುವುದಿಲ್ಲ. ಹಾಗಾಗಿ ನನ್ನ ಕಿವಿಗೆ ಬಿದ್ದುದನ್ನು ಬಿದ್ದ ಹಾಗೆಯೇ ಬರೆದೆ: ಗಾಯಕರು ಬಾಯಿ ತೆರೆಯುವ ಮೊದಲೇ ತಂಬೂರಿಯ ನಾದ ಪೆಂಡಾಲನ್ನು ತುಂಬಿಕೊಂಡದ್ದು, ಆಲಾಪನೆಯ ನಡುವೆ ರಸ್ತೆಯ ಹಾರನ್ ಕೇಳಿದಾಗ ಪಿಟೀಲಿನವರು ಕಣ್ಣು ಮುಚ್ಚಿಕೊಂಡದ್ದು, ತನಿ ಆವರ್ತನದಲ್ಲಿ ಮೃದಂಗವೂ ಘಟವೂ ಒಂದರ ಮಾತನ್ನು ಇನ್ನೊಂದು ಮುಗಿಸುತ್ತಾ ಹೋದಾಗ ನಮ್ಮ ಮುಂದಿನ ಸಾಲಿನಲ್ಲಿ ತಾಯಿಯ ಮಡಿಲಲ್ಲಿ ಮಲಗಿದ್ದ ಮಗು ಎದ್ದು ಕೂತದ್ದು. ಮುಖ್ಯವಾಗಿ ಹಾಡಿದ ರಾಗ ತೋಡಿ ಎಂದು ಶನಿವಾರಸಂತೆಯವಳು ಹೇಳಿದ್ದನ್ನೂ ಸೇರಿಸಿದೆ.

ಈ ಪತ್ರ ತಲುಪಿದ ಮೂರನೆಯ ದಿನ ಹುಬ್ಬಳ್ಳಿಯಿಂದ ಒಂದು ಪ್ರಶ್ನೆ ಬಂತು, ಅವಳದಲ್ಲ, ಅವಳ ಯಜಮಾನರದು. ಗಂಗೂಬಾಯಿ ಹಾನಗಲ್ ಅವರ ಊರಿನಲ್ಲಿ ಹಿಂದುಸ್ತಾನಿ ಕೇಳುತ್ತಾ ಬೆಳೆದವರು ಅವರು. “ನಿಮ್ಮ ತೋಡಿ ನಮ್ಮ ತೋಡಿಯೇನ್ರೀ?” ಎಂದು ಕೇಳಿದ್ದರು. ನಾನು ಶನಿವಾರಸಂತೆಯವಳನ್ನು ಕೇಳಿ ಉತ್ತರ ಬರೆದೆ. ಹೆಸರು ಒಂದೇ ಆದರೂ ಎರಡೂ ಬೇರೆ. ನಮ್ಮ ಕಡೆಯ ತೋಡಿಯ ಸ್ವರಗಳು ಹಿಂದುಸ್ತಾನಿಯಲ್ಲಿ ಭೈರವಿಯವು, ಅವರ ತೋಡಿಯ ಸ್ವರಗಳಿಗೆ ಹತ್ತಿರವಾಗುವುದು ನಮ್ಮ ಶುಭಪಂತುವರಾಳಿ. ಮುಂದಿನ ಡಯಾಲಿಸಿಸ್ ದಿನ ಅವರು ಇಯರ್‌ಫೋನ್ ಹಾಕಿಕೊಂಡು ಎರಡನ್ನೂ ಒಂದರ ಹಿಂದೆ ಒಂದು ಕೇಳಿದರಂತೆ. ಅದುವರೆಗೆ ಆ ನಾಲ್ಕು ಗಂಟೆ ಅವರು ಗೋಡೆಯ ಕಡೆಗೆ ಮುಖ ಮಾಡಿ ಮಲಗಿರುತ್ತಿದ್ದರೆಂದು ಅವಳು ಹೇಳಿದಳು. ಪತ್ರವನ್ನು ನಾನು ಒಬ್ಬಳಿಗೆಂದು ಬರೆಯುತ್ತಿದ್ದೆ. ಅಂದಿನಿಂದ ಇಬ್ಬರಿಗೂ ಬರೆದೆ, ಸಂಗೀತದ ವಿಷಯ ಬಂದಲ್ಲಿ ಭಾವನವರನ್ನು ನೆನೆದುಕೊಂಡೇ ಬರೆದೆ.

ಹಾಗೆ ನೆನೆದದ್ದರಿಂದಲೇ ವಿರಾಜಪೇಟೆಯ ಮದುವೆಯ ವಾಲಗವನ್ನು ನಾನು ಕಛೇರಿಗಳ ಸಾಲಿನಲ್ಲಿಯೇ ಸೇರಿಸಿದೆ, ಅದು ಸರಿಯಾದ ಸ್ಥಳವೆಂದೇ ನನ್ನ ಅಭಿಪ್ರಾಯ. ಕೊಡವರ ಮದುವೆಯಲ್ಲಿ ಗಂಗಾಪೂಜೆಯ ದಿನ ಮದುಮಗಳು ಬಾವಿಯಿಂದ ನೀರು ತುಂಬಿ ತಲೆಯ ಮೇಲಿಟ್ಟುಕೊಂಡು ಮನೆಯ ಕಡೆಗೆ ಬರುವಾಗ, ಗಂಡಿನ ಕಡೆಯವರು ವಾಲಗದ ಲಯಕ್ಕೆ ಕುಣಿಯುತ್ತಾ ಅವಳ ದಾರಿಗೆ ಅಡ್ಡ ನಿಲ್ಲುತ್ತಾರೆ. ದಾರಿ ಬಿಡುವವರೆಗೆ ಅವಳು ಕೊಡ ಇಳಿಸುವಂತಿಲ್ಲ. ಗಂಡಿನ ತಾಯಿಯಾದ ನಮ್ಮ ಗೆಳತಿ, ಸೀರೆಯ ನೆರಿಗೆ ಹಿಂದೆ ಬರುವ ಹಾಗೆ ಉಟ್ಟು, ಸೊಸೆಯ ಮುಂದೆ ಮೊದಲು ಐದು ನಿಮಿಷ ಕುಣಿದು, ಆಮೇಲೆ ಉಳಿದವರನ್ನು ಬದಿಗೆ ಸರಿಸುತ್ತಾ ದಾರಿ ಮಾಡಿಕೊಟ್ಟಳು. ವಾಲಗದವರು ಒಂದು ಗಂಟೆಗೂ ಮಿಕ್ಕಿ ಒಂದೇ ಲಯವನ್ನು ಸಡಿಲಿಸದೆ ನುಡಿಸಿದರು. ಪೆಂಡಾಲಿನಲ್ಲಿ ಕೂತು ಕೇಳುವ ಸಂಗೀತದಲ್ಲಿ ಕಾಣದ ಒಂದು ಹೊಣೆ ಅದರಲ್ಲಿದೆ, ಅವರು ನಿಲ್ಲಿಸಿದರೆ ಎಲ್ಲರ ಕಾಲೂ ನಿಲ್ಲುತ್ತದೆ.

ಹಾಕಿ ಹಬ್ಬದ ಪತ್ರ ಎಲ್ಲಕ್ಕಿಂತ ಚಿಕ್ಕದಾಯಿತು. 1997ರಲ್ಲಿ ಕರಡದಲ್ಲಿ 60 ಕೊಡವ ಕುಟುಂಬಗಳ ತಂಡಗಳೊಂದಿಗೆ ಆರಂಭವಾದ ಈ ಪಂದ್ಯಾವಳಿಯನ್ನು ವರ್ಷಕ್ಕೊಂದು ಕುಟುಂಬ ನಡೆಸಿಕೊಡುತ್ತದೆ. ಆ ವರ್ಷ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ವಿರಾಜಪೇಟೆಯವಳ ಮನೆಯ ತಂಡ ಬೇಗನೆ ಸೋತಿತು. ಆಟದ ವಿವರ ಅವಳ ಮಕ್ಕಳಿಗೆ ನೆನಪಿತ್ತು, ನಮಗಿರಲಿಲ್ಲ. ಗ್ಯಾಲರಿಯಲ್ಲಿ ಬಿಸಿಲಿಗೆ ಒಂದೇ ಕೊಡೆಯಡಿಯಲ್ಲಿ ನಾಲ್ವರು ಕೂತು ಮಾತಾಡಿದ್ದನ್ನು ಮೂರು ಹಾಳೆಗಳಲ್ಲಿ ಬರೆದು ಮುಗಿಸಿದೆ. ನೆನಪಿಲ್ಲದ್ದನ್ನು ಹಿಗ್ಗಿಸಿ ಬರೆದರೆ ಅದು ಓದುವವರಿಗೆ ತಿಳಿಯುತ್ತದೆ.

ಕೊನೆಯ ಪತ್ರ ಮೇ 12ರ ಭಾನುವಾರದ್ದು. ನಾವು ಮಡಿಕೇರಿಯ ಕಾಲೇಜಿನಲ್ಲಿ ಪದವಿ ಮುಗಿಸಿ ಮೂವತ್ತು ವರ್ಷಗಳಾದ ನೆನಪಿಗೆ ತರಗತಿಯವರೆಲ್ಲ ಸೇರಿದ ದಿನ. ಮೂವತ್ತೆಂಟು ಮಂದಿಯಲ್ಲಿ ಹತ್ತೊಂಬತ್ತು ಮಂದಿ ಬಂದಿದ್ದರು. ಯಾರು ಹೇಗೆ ಬದಲಾಗಿದ್ದಾರೆ, ಯಾರು ಯಾರನ್ನು ಗುರುತಿಸಲಿಲ್ಲ, ಊಟಕ್ಕೆ ಏನೇನಿತ್ತು, ಸಂಜೆ ರಾಜಾಸೀಟಿನಲ್ಲಿ ಕಣಿವೆಯ ಮೇಲೆ ಮಂಜು ಏರುವುದನ್ನು ನೋಡುತ್ತಾ ಯಾರ ಪಕ್ಕ ಯಾರು ನಿಂತಿದ್ದರು ಎಲ್ಲವನ್ನೂ ಬರೆದು, ಜೂನ್ ತಿಂಗಳ ಕೊನೆಯ ವಾರ ಎಂಟನೆಯ ಲಕೋಟೆಯನ್ನು ಅಂಚೆಗೆ ಹಾಕಿದಾಗ ಬಾಕಿ ತೀರಿತೆಂದೇ ಭಾವಿಸಿದ್ದೆ.

ಅದಕ್ಕೆ ಬಂದ ಉತ್ತರ ಒಂದು ನೀಲಿ ಇನ್‌ಲ್ಯಾಂಡ್ ಪತ್ರ. ಅದರಲ್ಲಿ ಅವಳು ಕೇಳಿದ್ದು ಒಂದೇ ವಿಷಯ. “ತೀರಿಹೋದವರ ಹೆಸರು ಓದಿರ್ತೀರಿ ಅಲ್ವಾ? ಅದು ನಿನ್ನ ಕಾಗದದಲ್ಲಿ ಇಲ್ಲ. ಯಾರು ಓದಿದ್ದು? ಎದ್ದು ನಿಂತಿದ್ರಾ, ಕೂತಲ್ಲೇ ಇದ್ರಾ?” ಎಂದು ಬರೆದಿದ್ದಳು. ನಾವು ಮೂವರ ಹೆಸರುಗಳನ್ನು ಓದಿದ್ದೆವು. ಅವರಲ್ಲೊಬ್ಬಳು ಹಾಸ್ಟೆಲಿನಲ್ಲಿ ಎರಡು ವರ್ಷ ಇವಳ ಕೋಣೆಯಲ್ಲಿದ್ದವಳು, ತೀರಿಕೊಂಡದ್ದು ಮೂತ್ರಪಿಂಡದ ಕಾಯಿಲೆಯಿಂದ. ಭಾವನವರ ಪಕ್ಕದಲ್ಲಿ ಕೂತು ಓದುವವಳಿಗೆ ಅದನ್ನು ಹೇಗೆ ಬರೆಯುವುದೆಂದು ನಾನು ಬೇಕೆಂದೇ ಬಿಟ್ಟಿದ್ದೆ. ಚಿತ್ರಗಳು ಬಿಟ್ಟುದನ್ನು ಹುಡುಕಿ ಹುಡುಕಿ ಬರೆದವಳು, ಅವಳು ತಿಳಿಯಬಯಸಿದ್ದನ್ನೇ ಬಿಟ್ಟು ಬರೆದಿದ್ದೆ. ಒಂದೂ ಬಿಡದೆ ಹೇಳು ಎಂದು ಅವಳು ಮೊದಲ ದಿನವೇ ಹೇಳಿದ್ದಳು.

ಮತ್ತೆ ಕುಶಾಲನಗರದವಳಿಗೂ ವಿರಾಜಪೇಟೆಯವಳಿಗೂ ಫೋನ್ ಮಾಡಿ ಆ ಹತ್ತು ನಿಮಿಷಗಳನ್ನು ಕೇಳಿಕೊಂಡೆ. ಹೆಸರು ಓದಿದವನು ನಮ್ಮ ತರಗತಿಯ ಪ್ರತಿನಿಧಿಯಾಗಿದ್ದವನು. ಎಲ್ಲರೂ ಎದ್ದು ನಿಂತಿದ್ದೆವು. ಅವಳ ಹೆಸರು ಎರಡನೆಯದು. ಓದುವಾಗಲೇ ಹೆಂಚಿನ ಮೇಲೆ ಮಳೆ ಜೋರಾಗಿ ಮೂರನೆಯ ಹೆಸರು ಹಿಂದಿದ್ದವರಿಗೆ ಕೇಳಿಸದೆ ಅವನು ಅದನ್ನು ಇನ್ನೊಮ್ಮೆ ಓದಬೇಕಾಯಿತು. ನಂತರ ವಿರಾಜಪೇಟೆಯವಳು ಹಾಸ್ಟೆಲಿನ ಕೋಣೆಯ ಕಿಟಕಿಯಲ್ಲಿ ಆ ಹುಡುಗಿ ಒಣಹಾಕುತ್ತಿದ್ದ ಹಸಿರು ಲಂಗದ ದಾವಣಿಯನ್ನು ನೆನೆದಳು, ಹುಬ್ಬಳ್ಳಿಯವಳ ಹೆಸರನ್ನೂ ಹೇಳಿದಳು. ಅಂದು ಮಡಿಕೇರಿಯಲ್ಲಿ ಬಿದ್ದ ಮಳೆಯ ಲೆಕ್ಕ ನನ್ನ ಪುಸ್ತಕದಲ್ಲಿಲ್ಲ. ನಮ್ಮ ತೋಟದಲ್ಲಿ 62 ಸೆಂಟು ಎಂದು ರೈಟರ್ ಬರೆದಿದ್ದರು, ಅದನ್ನೂ ಸೇರಿಸಿದೆ. ಎಲ್ಲ ಸೇರಿ ಒಂದೂವರೆ ಹಾಳೆ.

ಸೋಮವಾರಪೇಟೆಯ ಅಂಚೆ ಕಚೇರಿಯ ತಕ್ಕಡಿಯಲ್ಲಿ ಆ ಒಂಬತ್ತನೆಯ ಲಕೋಟೆ 16 ಗ್ರಾಂ ತೂಗಿತು. ಅದನ್ನು ಅವಳು ಆಸ್ಪತ್ರೆಗೆ ಒಯ್ಯಲಿಲ್ಲವಂತೆ. ಮನೆಯ ಹಿತ್ತಲ ಮೆಟ್ಟಿಲಿನ ಮೇಲೆ ಕೂತು ಓದಿ, ಆಮೇಲೆ ಒಳಗೆ ಹೋಗಿ ಭಾವನವರಿಗೂ ಓದಿ ಹೇಳಿದಳಂತೆ.